ಹಿಂದಿನ ಪೋರ್ಷನ್ನಿನ ಪಾದಗಳು

ಬಾಡಿಗೆಗೆ ಬರುವವರ ಮುಖ ನೋಡಿ ಪ್ರಯೋಜನವಿಲ್ಲ, ಸಾಮಾನು ನೋಡಬೇಕು. ರಾಜಾಜಿನಗರದ ನಮ್ಮ ಮನೆಯ ಹಿಂದಿನ ಪೋರ್ಷನ್ನಿಗೆ ಚಕ್ರಪಾಣಿ ಬಂದ ದಿನ ಜಟಕಾ ಗಾಡಿಯಿಂದ ಮೊದಲು ಇಳಿದದ್ದು ಒಂದು ಹಾಸಿಗೆ ಸುರುಳಿ, ಒಂದು ಸೀಮೆಎಣ್ಣೆ ಸ್ಟೌ, ಒಂದು ಚೀಲ ಪಾತ್ರೆ. ಅಲ್ಲಿಗೆ ನಿಂತಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಆಮೇಲೆ ಒಂದು ರೆಕಾರ್ಡ್ ಪ್ಲೇಯರ್ ಇಳಿಯಿತು. ಮೂರು ಕಾಲಿನ ಒಂದು ಸ್ಟ್ಯಾಂಡು ಇಳಿಯಿತು. ಕಪ್ಪು ಬಟ್ಟೆ ಸುತ್ತಿದ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಇಳಿದವು. ಅವನ್ನು ಹುಡುಗ ಕೈಕೂಸಿನ ಹಾಗೆ ಎದೆಗೊತ್ತಿಕೊಂಡು ಒಳಗೆ ಸಾಗಿಸುತ್ತಿದ್ದ.

"ಇದರಲ್ಲಿ ಏನಪ್ಪಾ?" ಎಂದೆ.

"ಕ್ಯಾಮೆರಾ, ಅಮ್ಮಾವ್ರೆ."

"ಇದರಲ್ಲಿ?"

"ಅದೂ ಕ್ಯಾಮೆರಾನೇ. ಜಪಾನಿನದು. ಹೊಸದು."

"ಸ್ಟುಡಿಯೋ ಇಡೋ ಹಾಗಿದ್ರೆ ಈಗ್ಲೇ ಹೇಳಿಬಿಡು. ನನ್ನ ಮನೇಲಿ ಅಂಗಡಿ ವ್ಯವಹಾರ ಇಲ್ಲ."

"ಇಲ್ಲ ಅಮ್ಮಾವ್ರೆ, ನಾನು ವಿಜ್ಞಾನಿ. ಮಲ್ಲೇಶ್ವರದ ಆಚೆ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲಸ."

"ವಿಜ್ಞಾನಿಗೆ ಮದುವೆ ಆಗಿದೆಯೋ?"

"ಇಲ್ಲ."

"ಮೊಟ್ಟೆ?"

"ತಿನ್ನಲ್ಲ."

"ಹೆಂಗಸರು ಗಿಂಗಸರು ಬಂದು ಹೋಗೋದು?"

"ನಮ್ಮ ತಾಯಿ ಒಂದ್ಸಲ ಬರಬಹುದು," ಎಂದು ನಕ್ಕ. ನಗುವ ಬಾಡಿಗೆದಾರರನ್ನು ನಾನು ನಂಬುವುದಿಲ್ಲ. ಆದರೆ ನಮ್ಮ ಯಜಮಾನರು ಗಂಗಾಧರಯ್ಯನವರು ಅಷ್ಟರಲ್ಲಿ ಬೀಗದ ಕೈ ಅವನ ಕೈಗೆ ಕೊಟ್ಟಾಗಿತ್ತು. ಅವರು ಸರ್ಕಾರಿ ಆಫೀಸಿನಲ್ಲಿ ಹೆಡ್ ಕ್ಲರ್ಕ್. ಆಫೀಸಿನಲ್ಲಿ ಹತ್ತು ಜನರನ್ನು ಆಳುತ್ತಾರಂತೆ. ಮನೆಯಲ್ಲಿ ಅವರ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ನಾನು ಹತ್ತು ಆಡಬೇಕು.

ಹುಡುಗ ಕೆಟ್ಟವನ ಹಾಗೆ ಕಾಣಲಿಲ್ಲ, ಹುಚ್ಚನ ಹಾಗೆ ಕಂಡ. ನಲ್ಲಿಯಿಂದ ನೀರು ಸಣ್ಣಗೆ ಸುರಿದು ಆಮೇಲೆ ಹನಿಯಾಗಿ ಒಡೆಯುತ್ತದಲ್ಲ, ಅದರ ಮುಂದೆ ಕ್ಯಾಮೆರಾ ಇಟ್ಟುಕೊಂಡು ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದ. ನಾನು ಕೊಡ ಇಡಲು ಹೋದರೆ, "ಅಮ್ಮಾವ್ರೆ, ಒಂದೇ ನಿಮಿಷ, ಹನಿ ಹೊಟ್ಟೆ ಬಿಡ್ತಾ ಇದೆ," ಎನ್ನುವನು. ಬಾಗಿಲ ಪಕ್ಕ ಸಾಲಾಗಿ ಹೋಗುವ ಇರುವೆಗಳಿಗೆ ಅಡ್ಡ ಕಡ್ಡಿ ಇಟ್ಟು ಅವು ಎಷ್ಟು ಸುತ್ತು ಹಾಕುತ್ತವೆಂದು ನೋಡುವನು. ನಾನು ದೋಸೆ ಹುಯ್ಯುವಾಗ ಅಡಿಗೆಮನೆಯ ಕಿಟಕಿಯಲ್ಲಿ ಅವನ ತಲೆ ಮೂಡುತ್ತಿತ್ತು.

"ಅಮ್ಮಾವ್ರೆ, ದೋಸೆಗೆ ತೂತು ಯಾಕೆ ಬೀಳುತ್ತೆ?"

"ಹಿಟ್ಟು ಹುಳಿ ಬಂದ್ರೆ ಬೀಳುತ್ತೆ."

"ಅದು ಸರಿ. ತೂತಿಂದ ತೂತಿಗೆ ಹೆಚ್ಚುಕಮ್ಮಿ ಒಂದೇ ದೂರ ಇದೆ, ನೋಡಿದ್ರಾ?"

"ಎಲ್ಲರ ಮನೆ ದೋಸೇನೂ ತೂತೇ ಕಣಪ್ಪಾ. ನಿಮ್ಮ ಮನೇದು ನೋಡ್ಕೊ ಹೋಗು," ಎಂದು ಒಂದು ದೋಸೆ ಎಲೆಯಲ್ಲಿಟ್ಟು ಕೊಟ್ಟು ಕಳಿಸುತ್ತಿದ್ದೆ. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿ, ಕ್ಯಾಮೆರಾ ತಂದು ಚಿತ್ರ ತೆಗೆದು, ತಣ್ಣಗಾದ ಮೇಲೆ ತಿನ್ನುವನು.

ಸಂಜೆಯಾದರೆ ರೆಕಾರ್ಡು ಹಾಕುತ್ತಿದ್ದ. ಆ ಹಾಡು ನನಗೆ ಮೊದಲ ದಿನದಿಂದಲೇ ಹಿಡಿಸಲಿಲ್ಲ. ಹಾರ್ಮೋನಿಯಂ ಅಂಥದ್ದೇನೋ ಒಂದು ಅಳುತ್ತಿರುತ್ತದೆ, ಮಧ್ಯೆ ಇದ್ದಕ್ಕಿದ್ದ ಹಾಗೆ ಕಡಿದು ನಿಲ್ಲುತ್ತದೆ, ಮತ್ತೆ ರೇಗಿದಂತೆ ಹೊರಡುತ್ತದೆ. ಗಂಡ ಹೆಂಡತಿ ಪಕ್ಕದ ಮನೆಗೆ ಕೇಳಿಸದ ಹಾಗೆ ಜಗಳವಾಡುತ್ತಿದ್ದಾರೇನೋ ಎನ್ನಿಸುತ್ತದೆ. ಕೇಳಿದ್ದಕ್ಕೆ, "ಟ್ಯಾಂಗೋ ಅಂತ ಅಮ್ಮಾವ್ರೆ, ಅರ್ಜೆಂಟೀನ ದೇಶದ ಕುಣಿತ. ಎರಡು ವರ್ಷ ಅಲ್ಲಿದ್ದೆ. ನಮ್ಮ ಲ್ಯಾಬಿನವರು ಕಲಿಸಿದ್ರು," ಎಂದ.

"ಕುಣಿಯೋರು ಯಾರು ಇಲ್ಲಿ?"

"ಸದ್ಯಕ್ಕೆ ನಾನೊಬ್ನೇ. ಇಬ್ಬರು ಬೇಕು. ಸಿಗಬೇಕಲ್ಲ!"

ಆ 'ಸಿಗಬೇಕಲ್ಲ' ಎಂಬ ಮಾತನ್ನು ನಾನು ತಲೆಯಲ್ಲಿ ಗಂಟು ಹಾಕಿಟ್ಟುಕೊಂಡೆ.

ಯುಗಾದಿ ಕಳೆದು ಮಳೆಗಾಲ ಹಿಡಿದುಕೊಳ್ಳುವ ಹೊತ್ತಿಗೆ ನಮ್ಮ ಯಜಮಾನರು ಬದಲಾಗಿದ್ದರು. ಒಂದೇ ದಿನದಲ್ಲಿ ಆದದ್ದಲ್ಲ ಅದು. ಮೊದಲು ದನಿ ತಗ್ಗಿತು. ಮೊದಲೇ ಮಾತು ಕಡಿಮೆ, ಈಗ ಆಡಿದ್ದೂ ಪಿಸುಮಾತು. ಮನೆಯಲ್ಲಿ ಇರುವುದು ನಾವಿಬ್ಬರೇ. ಮಗಳು ಮದುವೆಯಾಗಿ ತಿಪಟೂರಿನಲ್ಲಿದ್ದಾಳೆ. ಯಾರಿಗೆ ಕೇಳಿಸಬಾರದೆಂದು ಪಿಸುಗುಟ್ಟುತ್ತಿದ್ದರೋ! "ಗಟ್ಟಿಯಾಗಿ ಹೇಳ್ರೀ, ಕದ್ದ ಮಾತಾ ಅದು?" ಎಂದು ನಾನು ಗದರಿಸಿದರೆ ಸುಮ್ಮನೆ ತಲೆ ತಗ್ಗಿಸುವರು.

ಆಮೇಲೆ ಎಡಗೈ. ಯಾವಾಗ ನೋಡಿದರೂ ಕೋಟಿನ ಜೇಬಿನಲ್ಲಿ. ಮನೆಗೆ ಬಂದು ಕೋಟು ಬಿಚ್ಚಿದ ಮೇಲೆ ಪಂಚೆಯ ಮಡಿಕೆಯೊಳಗೆ. ಏನು ಬಚ್ಚಿಟ್ಟುಕೊಂಡಿದ್ದಾರೆಂದು ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಕೋಟಿನ ಜೇಬು ತಡವಿದೆ. ಕರವಸ್ತ್ರ ಬಿಟ್ಟರೆ ಏನೂ ಇರಲಿಲ್ಲ. ಅದು ನನ್ನ ಅನುಮಾನವನ್ನು ಹೆಚ್ಚು ಮಾಡಿತು. ಖಾಲಿ ಜೇಬನ್ನು ಯಾವ ಗಂಡಸು ಅಷ್ಟು ಜೋಪಾನ ಮಾಡುತ್ತಾನೆ?

ಮೂರನೆಯದು ಪೂಜೆ. ನಮ್ಮಲ್ಲಿ ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು ಪೂಜಿಸುವುದು. ಮದುವೆಯಾದಾಗಿನಿಂದ ಇಬ್ಬರೂ ಅಕ್ಕಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದೆವು. ಈಗ ಅವರು ನಾನು ಏಳುವುದಕ್ಕೆ ಮುಂಚೆ ಎದ್ದು ದೇವರ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಮುಗಿಸುತ್ತಿದ್ದರು. "ಯಾಕ್ರೀ?" ಎಂದರೆ, "ಆಫೀಸಿಗೆ ಬೇಗ ಹೋಗಬೇಕು." ಬೇಗ ಹೋದವರು ಬೇಗ ಬರಬೇಕು ತಾನೆ? ಬರುತ್ತಿದ್ದದ್ದು ದೀಪ ಹಚ್ಚಿದ ಮೇಲೆ.

ಬಂದವರು ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಹೊಸಿಲಿನ ಹತ್ತಿರ ಬಂದು, ಒಳಗೂ ಅಲ್ಲ ಹೊರಗೂ ಅಲ್ಲ ಎನ್ನುವ ಹಾಗೆ. ಹೇಳುವ ಸುಳ್ಳನ್ನು ಒಳಗೆ ಬರುವ ಮೊದಲು ಜೋಡಿಸಿಕೊಳ್ಳುತ್ತಿದ್ದಾರೆಂದೇ ನಾನು ತಿಳಿದೆ. "ದೀಪ ಹಚ್ಚೋ ಹೊತ್ನಲ್ಲಿ ಹೊಸಿಲ ಮೇಲೆ ನಿಲ್ಲಬಾರದು ಅಂತ ಗೊತ್ತಿಲ್ವಾ? ಲಕ್ಷ್ಮಿ ಬರೋ ದಾರಿ ಅದು. ಒಳಗೆ ಬನ್ನಿ, ಇಲ್ಲ ಹೊರಗೆ ಹೋಗಿ!" ಎಂದು ನಾನು ಅಡಿಗೆಮನೆಯಿಂದಲೇ ಕೂಗುತ್ತಿದ್ದೆ. ಕೂಗಿದ ಸ್ವಲ್ಪ ಹೊತ್ತಿಗೆ ಬರುತ್ತಿದ್ದರು.

ಒಂದು ದಿನ ಪಕ್ಕದ ಮನೆಯ ಯಶೋದಮ್ಮ ಕಾಂಪೌಂಡಿನ ಮೇಲೆ ಗಲ್ಲವಿಟ್ಟುಕೊಂಡು ಶುರು ಮಾಡಿದಳು. ಆವತ್ತು ಸೀಮೆಎಣ್ಣೆ ಅಂಗಡಿಯ ಮುಂದೆ ಡಬ್ಬಿ ಸಾಲಿಗಿಟ್ಟು ಆಗತಾನೆ ಬಂದಿದ್ದೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು.

"ಶಿವಕ್ಕ, ನಾನು ಹೇಳ್ದೆ ಅಂತ ಹೇಳಬೇಡಿ. ನಿಮ್ಮ ಯಜಮಾನ್ರು ದಿನಾ ಸಾಯಂಕಾಲ ಐದೂವರೆ ಬಸ್ಸಿಗೇ ಬರ್ತಾರೆ."

"ಮನೆಗೆ ಬರೋದು ಏಳಕ್ಕಲ್ವಾ?"

"ಅದೇ ಮತ್ತೆ. ಪಕ್ಕದ ಸಂದಿಯಿಂದ ಹಿಂದಗಡೆ ಹೋಗ್ತಾರೆ. ಆ ಐಯಂಗಾರ್ ಹುಡುಗನ ಮನೆಗೆ. ಆಮೇಲೆ ಆ ದರಿದ್ರದ ಹಾಡು. ನಿನ್ನೆ ಒಣಗಿದ ಬಟ್ಟೆ ತರೋಕೆ ಮಹಡಿ ಮೇಲೆ ಹೋಗಿದ್ದೆ. ಕಿಟಕಿ ಗಾಜಿನ ಮೇಲೆ ನೆರಳು ಕಾಣ್ತು."

"ಯಾರ ನೆರಳು?"

"ಎರಡು ನೆರಳು, ಶಿವಕ್ಕ. ಒಂದನ್ನೊಂದು ಹಿಡ್ಕೊಂಡಿದ್ವು." ಎಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಮುಚ್ಚಿಕೊಳ್ಳಲು ಎಂಬುದು ನನಗೆ ಗೊತ್ತಿತ್ತು.

"ಮಹಡಿ ಮೇಲಿಂದ ನಿಮ್ಮ ಮನೆ ಸಾರು ಉಕ್ಕೋದು ಕಾಣಲ್ವೇನ್ರೀ? ಹೋಗಿ ನೋಡ್ಕೊಳ್ಳಿ," ಎಂದು ಅವಳನ್ನು ಅಟ್ಟಿದೆ. ಆದರೆ ಒಳಗೆ ಬಂದು ಕೂತು ಒಂದೊಂದೇ ಲೆಕ್ಕ ಹಾಕಿದೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡ. ಬೆಳ್ಳಗಾದ ತಲೆ. ಈ ವಯಸ್ಸಿನಲ್ಲಿ ಇನ್ನೊಬ್ಬಳ ಕೈ ಹಿಡಿದು ಕುಣಿಯುತ್ತಾರೆಂದರೆ, ಅದೂ ನನ್ನದೇ ಮನೆಯ ಹಿಂದುಗಡೆ! ಆ ವಿಜ್ಞಾನಿ ಅವಳನ್ನು ಎಲ್ಲಿಂದಲೋ ಕರೆದುಕೊಂಡು ಬರುತ್ತಾನೆ, ಇವರು ಬರುತ್ತಾರೆ, ಅವನು ಫೋಟೋ ತೆಗೆಯುತ್ತಾನೆ. ಹಾಗಲ್ಲದೆ ಮತ್ತೇನು?

ಮಾರನೆಯ ದಿನ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ನನ್ನ ಹತ್ತಿರವಿದ್ದ ಇನ್ನೊಂದು ಬೀಗದ ಕೈ ತೆಗೆದುಕೊಂಡು ಹಿಂದಿನ ಪೋರ್ಷನ್ನಿಗೆ ಹೋದೆ. ಬಾಡಿಗೆದಾರ ಇಲ್ಲದಾಗ ಒಳಗೆ ಹೋಗಬಾರದು ಎನ್ನುವವರಿದ್ದಾರೆ. ಅವರ ಗಂಡಂದಿರು ಸರಿಯಾದ ಹೊತ್ತಿಗೆ ಮನೆಗೆ ಬರುತ್ತಾರೆ, ಹೇಳುತ್ತಾರೆ.

ಬಾಗಿಲು ತೆಗೆದವಳು ಹೊಸಿಲಲ್ಲೇ ನಿಂತೆ. ನಾನು ತಿಂಗಳಿಗೊಮ್ಮೆ ಮೇಣ ಹಾಕಿಸಿ ಉಜ್ಜಿಸಿದ್ದ ಕೆಂಪು ಗಾರೆಯ ನೆಲದ ಮೇಲೆ ತುಂಬ ಪಾದಗಳು. ಸೀಮೆಸುಣ್ಣದಲ್ಲಿ ಬರೆದ ಪಾದಗಳು. ಗೋಕುಲಾಷ್ಟಮಿಯ ದಿನ ಐಯಂಗಾರರ ಮನೆಗಳಲ್ಲಿ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಹೆಜ್ಜೆ ಬರೆಯುವುದನ್ನು ನಾನೂ ನೋಡಿದ್ದೇನೆ. ಅವು ಬೀದಿಬಾಗಿಲಿಂದ ದೇವರ ಮನೆಗೆ ನೆಟ್ಟಗೆ ಹೋಗುತ್ತವೆ. ಇವು ಎಲ್ಲಿಗೂ ಹೋಗುತ್ತಿರಲಿಲ್ಲ. ಮುಂದಕ್ಕೆ ಬಂದು, ಪಕ್ಕಕ್ಕೆ ಸರಿದು, ಕಾಲಿಗೆ ಕಾಲು ಅಡ್ಡವಾಗಿ ತಿರುಗುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಅವು ಒಬ್ಬರ ಹೆಜ್ಜೆಗಳಲ್ಲ. ದೊಡ್ಡ ಪಾದಗಳ ಒಂದು ಸಾಲು, ಅದಕ್ಕೆ ಎದುರಾಗಿ ಚಿಕ್ಕ ಪಾದಗಳ ಒಂದು ಸಾಲು. ಬೆರಳಿಗೆ ಬೆರಳು ತಾಗುವಷ್ಟು ಹತ್ತಿರ.

ಚಿಕ್ಕ ಪಾದದ ಪಕ್ಕದಲ್ಲಿ ನನ್ನ ಪಾದ ಇಟ್ಟು ನೋಡಿದೆ. ನನ್ನದಕ್ಕಿಂತ ಒಂದಿಷ್ಟು ಸಣ್ಣ. ಪ್ರಾಯದವಳೇ ಇರಬೇಕು.

ಬಾಗಿಲ ಹಿಂದೆ ಗೂಟಕ್ಕೆ ನಮ್ಮ ಯಜಮಾನರ ಕೊಡೆ ನೇತಾಡುತ್ತಿತ್ತು. ಆಫೀಸಿನಲ್ಲಿ ಮರೆತು ಬಂದೆ ಎಂದು ನನಗೆ ಹೇಳಿದ್ದ ಕೊಡೆ. ಕೋಣೆಯ ಉದ್ದಕ್ಕೂ ಒಂದು ದಾರ ಕಟ್ಟಿ, ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಹುಡುಗ ಫೋಟೋಗಳನ್ನು ತೂಗುಹಾಕಿದ್ದ. ಒಂದರಲ್ಲೂ ಮುಖವಿಲ್ಲ. ಎಲ್ಲವೂ ಮೊಣಕಾಲಿನಿಂದ ಕೆಳಗೆ. ಒಂದೇ ಚಿತ್ರದಲ್ಲಿ ಒಂದು ಕಾಲು ಹತ್ತು ಕಾಲಾಗಿ, ಬೀಸಣಿಗೆಯ ಗರಿಗಳ ಹಾಗೆ ಹರಡಿಕೊಂಡಿತ್ತು. ಪಂಚೆ ಎತ್ತಿ ಕಟ್ಟಿದ ಆ ಕಾಲು ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೆಬ್ಬೆರಳ ಪಕ್ಕದ ಬೆರಳು ಸೊಟ್ಟಗಿರುವ ಆ ಪಾದಕ್ಕೆ ಹಬ್ಬಹಬ್ಬಕ್ಕೂ ನಮಸ್ಕಾರ ಮಾಡಿದವಳು ನಾನು. ಹೆಂಗಸಿನ ಕಾಲು ಇದೆಯೇ ಎಂದು ಒಂದೊಂದೇ ಫೋಟೋ ತಿರುಗಿಸಿ ನೋಡಿದೆ. ಎಲ್ಲೂ ಇರಲಿಲ್ಲ. ಎಂಥ ಬುದ್ಧಿವಂತರು! ಅವಳೊಬ್ಬಳು ಸಿಕ್ಕದ ಹಾಗೆ ತೆಗೆದಿದ್ದರು.

ಆ ಸಂಜೆ ನಾನು ಏನೂ ಕೇಳಲಿಲ್ಲ. ಅವರು ಬಂದು ಎಂದಿನಂತೆ ಬಾಗಿಲಲ್ಲಿ ನಿಂತರು. ನಾನು ಕೂಗಲೂ ಇಲ್ಲ. ಎಷ್ಟು ಹೊತ್ತು ಬೇಕಾದರೂ ನಿಂತಿರಲಿ, ಸುಳ್ಳು ಚೆನ್ನಾಗಿ ಹುರಿಗೊಳ್ಳಲಿ ಎಂದು ರೊಟ್ಟಿ ತಟ್ಟುತ್ತಾ ಕೂತಿದ್ದೆ. ಬಹಳ ಹೊತ್ತಾದ ಮೇಲೆ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಹಣೆಯಲ್ಲಿ ಬೆವರಿತ್ತು. ಕಳ್ಳ ಬೆವರದೆ ಇರುತ್ತಾನೆಯೇ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಹಿಂದಿನ ಅಂಗಳಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತೆ. ಅಡಿಗೆಮನೆಯ ಹಿಂಬಾಗಿಲಿನಿಂದ ಪೋರ್ಷನ್ನಿನ ಬಾಗಿಲಿಗೆ ನಡುವೆ ಆ ಅಂಗಳವಷ್ಟೇ.

"ಚಕ್ರಪಾಣೀ! ಹೊರಗೆ ಬಾ."

ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಚಮಚ ಹಿಡಿದುಕೊಂಡು ಓಡಿಬಂದ. "ಸರಿಯಾದ ಹೊತ್ತಿಗೆ ಕರೆದ್ರಿ ಅಮ್ಮಾವ್ರೆ! ಇಲ್ಲಿ ನೋಡಿ, ಬೆಲ್ಲದ ಪಾಕ. ಇಷ್ಟೆತ್ತರದಿಂದ ಬಿಟ್ರೆ ಹಗ್ಗದ ಹಾಗೆ ತಾನೇ ತಾನು ಸುರುಳಿ ಸುತ್ಕೊಳ್ಳುತ್ತೆ. ಯಾವ ಕಡೆಗೆ ಸುತ್ತುತ್ತೆ ಅಂತ—"

"ಪಾಕ ಆಮೇಲೆ. ಮನೆ ಖಾಲಿ ಮಾಡು."

ಚಮಚದಿಂದ ಪಾಕ ಅವನ ಕಾಲ ಮೇಲೆ ಸುರಿಯಿತು. "ಯಾವಾಗ?"

"ಇವತ್ತು."

"ಯಾಕೆ ಅಮ್ಮಾವ್ರೆ?"

"ಯಾಕೆ ಅಂತ ನನ್ನ ನೆಲದ ಮೇಲೆ ನೀನೇ ಬರೆದಿಟ್ಟಿದ್ದೀಯಲ್ಲ. ಎರಡು ಜೊತೆ!"

ಅವನ ಮುಖ ಇಳಿಯಿತು. "ಒಳಗೆ ಹೋಗಿದ್ರಾ?"

"ಮನೆ ನಂದು. ಆ ಚಿಕ್ಕ ಕಾಲಿನೋಳು ಯಾರು?"

"ಅಮ್ಮಾವ್ರೆ, ನೀವು ಸಾರ್ ಹತ್ರ ಮಾತಾಡಿ. ನಾನು ಹೇಳೋ ಹಾಗಿಲ್ಲ. ಅವ್ರಿಗೆ ಮಾತು ಕೊಟ್ಟಿದೀನಿ."

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಗಂಡನ ಗುಟ್ಟನ್ನು ನನ್ನಿಂದ ಕಾಯಲು ಇವನು ಮಾತು ಕೊಟ್ಟಿದ್ದಾನಂತೆ! "ಎತ್ತು ನಿನ್ನ ಪೆಟ್ಟಿಗೆಗಳನ್ನ! ಮೂರು ಕಾಲಿಂದೂ ಎತ್ತು, ಒಂದು ಕಾಲು ಹತ್ತಾಗೋದೂ ಎತ್ತು. ಕತ್ತಲಾಗೋದ್ರೊಳಗೆ ನೀನು ಇಲ್ಲಿರಕೂಡದು," ಎಂದೆ. ಯಶೋದಮ್ಮನ ಮಹಡಿಯ ಮೇಲೆ ಸೀರೆ ಅಲುಗಾಡಿತು. ಅಲುಗಾಡಲಿ.

ಹುಡುಗ ಒಳಗೆ ಹೋಗಿ ಟ್ರಂಕು ಎಳೆದು ತಂದು ಬಾಗಿಲಲ್ಲಿಟ್ಟ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ಅಡಿಗೆಮನೆಯ ಹಿಂಬಾಗಿಲಲ್ಲಿ, "ಇವಳೇ," ಎಂಬ ಪಿಸುಮಾತು ಕೇಳಿತು.

ತಿರುಗಿದೆ. ಯಜಮಾನರು ಹೊಸಿಲಿನ ಒಳಗೆ ನಿಂತಿದ್ದರು. "ಅವನನ್ನ ಕಳಿಸಬೇಡ," ಎಂದರು.

"ಯಾಕೆ ಕಳಿಸಬಾರದು? ಬನ್ನಿ, ಇಲ್ಲಿ ಬಂದು ಹೇಳಿ. ಅಲ್ಲೇ ಯಾಕೆ ಕಂಬದ ಹಾಗೆ ನಿಂತಿದೀರಿ?"

ಅವರು ಬರಲು ಹೊರಟರು. ಅದು ನನ್ನ ಕಣ್ಣಿಗೆ ಕಾಣಿಸಿತು. ಎದೆ ಮುಂದೆ ಬಂತು, ಭುಜ ಮುಂದೆ ಬಂತು. ಪಾದಗಳು ಬರಲಿಲ್ಲ. ನೆಲಕ್ಕೆ ಅಂಟು ಹಾಕಿ ಮೆತ್ತಿದ ಹಾಗೆ ಅಲ್ಲೇ ಇದ್ದವು. ಹಿಮ್ಮಡಿ ಮಾತ್ರ ಸಣ್ಣಗೆ ನಡುಗುತ್ತಿತ್ತು. ಮೈ ಇನ್ನೂ ಮುಂದಕ್ಕೆ ವಾಲಿತು. ಕೈ ಗಾಳಿಯಲ್ಲಿ ಬಾಗಿಲ ಚೌಕಟ್ಟನ್ನು ಹುಡುಕಿತು. ಬೀಳುತ್ತಾರೆ ಎಂದು ನನಗೆ ಹೊಳೆಯಿತು. ನಾನು ಕಿರುಚಿದೆನೇ ಹೊರತು ಹೆಜ್ಜೆ ಕಿತ್ತಿಡಲಿಲ್ಲ.

ಚಕ್ರಪಾಣಿ ಟ್ರಂಕಿನ ಮೇಲಿಂದ ಹಾರಿ ಬಂದ. ಅವರ ಭುಜ ಹಿಡಿದು ನಿಲ್ಲಿಸಿ, ತನ್ನ ಕಾಲನ್ನು ಅವರ ಪಾದದ ಮುಂದೆ ಅಡ್ಡವಾಗಿ ಇಟ್ಟ. "ಸಾರ್, ಹೊಸಿಲು ನೋಡಬೇಡಿ. ನನ್ನ ಕಾಲು ನೋಡಿ. ಇದನ್ನ ದಾಟಿ."

ಅವರು ಅವನ ಕಾಲು ನೋಡಿದರು. ಪಾದ ಎತ್ತಿ ಅದನ್ನು ದಾಟಿದರು. ಹೊಸಿಲನ್ನೂ ದಾಟಿದರು. ಆಮೇಲೆ ಏನೂ ಆಗದವರ ಹಾಗೆ ನಡೆದು ಬಂದು ಒಗೆಯುವ ಕಲ್ಲಿನ ಮೇಲೆ ಕೂತರು.

ನಾನು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದೆ. "ಏನಿದು?"

ಹುಡುಗ ಅವರ ಕಡೆ ನೋಡಿದ. ಅವರು, "ಹೇಳ್ತೀನಿ," ಎಂದರು. "ಕಾಲು ನಿಂತುಬಿಡುತ್ತೆ. ಬಾಗಿಲು ಬಂದ್ರೆ, ಇಕ್ಕಟ್ಟು ಬಂದ್ರೆ, ಯಾರಾದ್ರೂ ಬೇಗ ಬಾ ಅಂದ್ರೆ. ಹೋಗು ಅಂತೀನಿ. ಹೋಗಲ್ಲ."

"ಎಂದಿನಿಂದ?"

"ಶಿವರಾತ್ರಿಗೂ ಮುಂಚೆಯಿಂದ."

"ನನಗೆ ಹೇಳಲಿಲ್ಲ. ಇವನಿಗೆ ಹೇಳಿದ್ರಿ."

"ನಾನು ಹೇಳ್ಲಿಲ್ಲ. ಅವನೇ ಕಂಡುಹಿಡಿದ."

"ಸಂದಿಯಲ್ಲಿ ಮಳೆನೀರು ನಿಂತಿತ್ತು ಅಮ್ಮಾವ್ರೆ," ಎಂದು ಹುಡುಗ ಶುರು ಮಾಡಿದ. ಮನೆ ಖಾಲಿ ಮಾಡು ಎನಿಸಿಕೊಂಡವನು ಅದನ್ನು ಆಗಲೇ ಮರೆತ ಹಾಗಿತ್ತು. "ಕಾಲಿಟ್ರೆ ನೀರು ಹೇಗೆ ಎರಚುತ್ತೆ ಅಂತ ಚಿತ್ರ ತೆಗೀತಾ ಇದ್ದೆ. ಸಾರ್ ಅದೇ ದಾರೀಲಿ ಬಂದ್ರು. ಫಿಲ್ಮ್ ತೊಳೆದು ನೋಡಿದ್ರೆ ಬಲಗಾಲು ನೀರು ಎರಚಿದೆ, ಎಡಗಾಲು ಎರಚಿಲ್ಲ. ಬರೀ ಗೆರೆ ಎಳೆದ ಹಾಗೆ ಹೋಗಿದೆ. ಯಾಕೆ ಅಂತ ಹೋಗಿ ಕೇಳಿದೆ. ಸಾರ್ ಸಂದೀಲೇ ನಿಂತು ಅತ್ತುಬಿಟ್ರು."

ಯಜಮಾನರು ಅಂಗಳದ ನೆಲ ನೋಡುತ್ತಿದ್ದರು.

"ದೊಡ್ಡಾಸ್ಪತ್ರೆಗೆ ನಾನೇ ಕರ್ಕೊಂಡು ಹೋದೆ. ನರದ ಕಾಯಿಲೆ. ಪಾರ್ಕಿನ್‌ಸನ್ ಅಂತ ಒಬ್ಬ ಇಂಗ್ಲಿಷ್ ಡಾಕ್ಟರ ಹೆಸರು ಅದಕ್ಕೆ."

"ಅವನ ಹೆಸರಿನ ಕಾಯಿಲೆ ನನ್ನ ಗಂಡನಿಗೆ ಯಾಕೆ ಬಂತು?"

"ಅದು ಇನ್ನೂ ಯಾರಿಗೂ ಗೊತ್ತಿಲ್ಲ. ಹೊಸ ಮಾತ್ರೆ ಬಂದಿದೆ, ಹೊರದೇಶದಿಂದ ತರಿಸಬೇಕು. ಸ್ನೇಹಿತರಿಗೆ ಹೇಳಿದೀನಿ. ಆದರೆ ಇದು ಕೇಳಿ, ಒಂದಿನ ಸಾರ್ ನಮ್ಮ ಬಾಗಿಲಿಗೆ ಬಂದು ಹೀಗೇ ನಿಂತ್ಕೊಂಡ್ರು. ಒಳಗೆ ನಾನು ನನ್ನ ಅಭ್ಯಾಸಕ್ಕೆ ಟ್ಯಾಂಗೋ ಹೆಜ್ಜೆ ಬರೆದಿದ್ದೆ. ರೆಕಾರ್ಡು ಓಡ್ತಿತ್ತು. ಸಾರ್ ಆ ಪಾದಗಳನ್ನ ನೋಡಿದ್ರು ನೋಡಿ, ಒಂದೊಂದರ ಮೇಲೂ ಕಾಲಿಟ್ಕೊಂಡು ಸೀದಾ ನಡೆದು ಬಂದುಬಿಟ್ರು! ನಡೆ ಅಂದ್ರೆ ನಡೆಯದ ಕಾಲು ಕುಣಿ ಅಂದ್ರೆ ಕುಣಿಯುತ್ತೆ! ಯಾಕೆ? ಅದನ್ನೇ ದಿನಾ ಸಾಯಂಕಾಲ ನೋಡ್ತಾ ಇದೀವಿ."

ಅವನ ಕಣ್ಣು ದೋಸೆಯ ತೂತು ನೋಡುವಾಗ ಹೊಳೆದ ಹಾಗೆಯೇ ಹೊಳೆಯುತ್ತಿತ್ತು. ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು. ಇಪ್ಪತ್ತಾರು ವರ್ಷ ಆ ಕಾಲಿನ ಜೊತೆ ಬಾಳಿದವಳು ನಾನು. ಇವನು ನಿನ್ನೆ ಮೊನ್ನೆ ಬಂದು ಕೊಚ್ಚೆಯಲ್ಲಿ ಕಂಡನಂತೆ.

"ನನಗೆ ಯಾಕೆ ಹೇಳಲಿಲ್ಲ?" ಎಂದು ಮತ್ತೆ ಯಜಮಾನರನ್ನೇ ಕೇಳಿದೆ. "ಬೈತೀನಿ ಅಂತಲಾ?"

"ಬೈದ್ರೆ ಬೈಸ್ಕೋತಿದ್ದೆ. ಅಭ್ಯಾಸ ಇದೆ," ಎಂದರು. ಆಮೇಲೆ ಪಂಚೆಯ ಮಡಿಕೆಯೊಳಗಿಂದ ಎಡಗೈ ಹೊರಗೆ ತೆಗೆದು ನನ್ನ ಮುಂದೆ ಚಾಚಿದರು. ಹೆಬ್ಬೆರಳೂ ತೋರುಬೆರಳೂ, ಕಣ್ಣಿಗೆ ಕಾಣದ ಎಳ್ಳುಚಿಗುಳಿ ಉಂಡೆಯನ್ನು ಕಟ್ಟುತ್ತಿರುವ ಹಾಗೆ ಒಂದೇ ಸಮ ಉಜ್ಜಾಡುತ್ತಿದ್ದವು. "ಶಿವರಾತ್ರಿ ದಿನ ಪೂಜೆ ಮಾಡ್ತಿರೋವಾಗ ಲಿಂಗ ಜಾರಿತು. ತೊಡೆ ಮೇಲೆ ಬಿತ್ತು, ನೆಲಕ್ಕೆ ಬೀಳಲಿಲ್ಲ. ನೀನು ಕಣ್ಣು ಮುಚ್ಕೊಂಡಿದ್ದೆ. ನೀನು ಕಣ್ಣು ಬಿಟ್ಟಿರೋವಾಗ ಬಿದ್ದಿದ್ರೆ?"

ನಮ್ಮಲ್ಲಿ ಮೈಮೇಲಿನ ಲಿಂಗ ಕಳಚಿ ಬಿದ್ದರೆ ಪ್ರಾಣ ಹೋದಂತೆ ಎನ್ನುತ್ತಾರೆ. ನಮ್ಮ ಅಜ್ಜ ಹೇಳುತ್ತಿದ್ದದ್ದೂ ಅದೇ. ಬಾಗಿಲು ಹಾಕಿಕೊಂಡು ಒಬ್ಬರೇ ಕೂತು, ನಡುಗುವ ಕೈಯಲ್ಲಿ ಅದನ್ನು ಹಿಡಿದುಕೊಂಡು, ದಿನ ಬೆಳಗಾದರೆ ಏನು ಪಾಡು ಪಟ್ಟರೋ.

ನಾನು ಅಳಲಿಲ್ಲ. ಅಳಲಿ ಎಂದೇ ಯಶೋದಮ್ಮ ಮಹಡಿಯ ಮೇಲೆ ಕಾದಿದ್ದಳು. "ನಾಳೆಯಿಂದ ಕೈ ಕೆಳಗೆ ನನ್ನ ಕೈ ಇಟ್ಕೊಂಡಿರ್ತೀನಿ," ಎಂದೆ. "ಅದು ಹೇಗೆ ಬೀಳುತ್ತೋ ನೋಡ್ತೀನಿ."

ಆಮೇಲೆ ಹುಡುಗನ ಕಡೆ ತಿರುಗಿ, "ಆ ಟ್ರಂಕು ಒಳಗಿಡು," ಎಂದೆ.

"ಖಾಲಿ ಮಾಡು ಅಂದ್ರಲ್ಲ?"

"ಅಂದೆ. ಈಗ ಇಡು ಅಂತಿದೀನಿ. ವಿಜ್ಞಾನಿಗೆ ಕಿವಿ ಕೇಳಲ್ವಾ?"

ಮೂವರೂ ಒಳಗೆ ಹೋದೆವು. ಯಜಮಾನರು ಬಾಗಿಲಲ್ಲಿ ಒಂದು ಗಳಿಗೆ ನಿಂತು, ನೆಲದ ಮೇಲಿನ ಮೊದಲನೆಯ ಪಾದವನ್ನು ನೋಡಿ, ಅದರ ಮೇಲೆ ಕಾಲಿಟ್ಟು ಒಳಗೆ ಬಂದರು. ಆದರೂ ನನ್ನ ಮನಸ್ಸಿನ ಮುಳ್ಳು ಪೂರ್ತಿ ಹೋಗಿರಲಿಲ್ಲ.

"ಈ ಚಿಕ್ಕ ಕಾಲು ಯಾರದು? ನಿಜ ಹೇಳು."

"ಯಾರದೂ ಅಲ್ಲ ಅಮ್ಮಾವ್ರೆ. ಈ ಕುಣಿತದಲ್ಲಿ ಹೆಂಗಸಿನ ಹೆಜ್ಜೆ ಅದು. ಅದಕ್ಕೇ ಚಿಕ್ಕದಾಗಿ ಬರೆದೆ. ಅಲ್ಲಿ ನಿಂತ್ಕೊಳ್ಳೋದು ನಾನೇ." ನಿಂತು ತೋರಿಸಿದ. ಅವನ ಕಾಲು ಗೆರೆಯ ಆಚೆಗೆ ಎಲ್ಲ ಕಡೆಯೂ ಹೊರಬಂದಿತ್ತು.

"ಹಿಡಿಸಲ್ವಲ್ಲೋ."

"ಹಿಡಿಸಲ್ಲ. ಅದಕ್ಕೇ ಸಾರ್ ಕಾಲನ್ನ ದಿನಾ ತುಳೀತೀನಿ."

"ತುಳೀತಾನೆ," ಎಂದರು ಯಜಮಾನರು. ಅವರ ಮುಖದಲ್ಲಿ ನಗು ನೋಡಿ ಎಷ್ಟು ಕಾಲವಾಗಿತ್ತೋ. ಆ ನಗುವೂ ಪೂರ್ತಿ ಅರಳಲಿಲ್ಲ, ಒಂದು ಮಗ್ಗುಲಲ್ಲಿ ಸಿಕ್ಕಿಕೊಂಡಿತು. ಅದನ್ನು ನಾನು ಇಷ್ಟು ದಿನ ಸಿಡುಕು ಎಂದುಕೊಂಡಿದ್ದೆ.

"ಜರುಗು," ಎಂದು ಹುಡುಗನನ್ನು ತಳ್ಳಿ ಸೆರಗು ಸಿಕ್ಕಿಸಿ ಚಿಕ್ಕ ಪಾದಗಳ ಮೇಲೆ ನಿಂತೆ. "ಏನು ಮಾಡಬೇಕು?"

"ಸಾರ್ ಕೈ ಹಿಡ್ಕೊಳ್ಳಿ. ಅವರು ಮುಂದೆ ಬರ್ತಾರೆ. ನೀವು ಹಿಂದಕ್ಕೆ ಹೋಗಬೇಕು."

"ಹಿಂದಕ್ಕಾ? ನಾನು ಯಾರಿಗೂ ಹಿಂದಕ್ಕೆ ಹೋದೋಳಲ್ಲ."

"ಅದು ಗೊತ್ತು," ಎಂದರು ಯಜಮಾನರು ಮೆಲ್ಲಗೆ.

ಹುಡುಗ ರೆಕಾರ್ಡಿನ ಮೇಲೆ ಮುಳ್ಳು ಇಟ್ಟ. ಆ ಅಳುವ ಹಾಡು ಹೊರಟಿತು. ಅವರ ಕೈ ನನ್ನ ಕೈಯಲ್ಲಿ ಗುಬ್ಬಿಮರಿಯಂತೆ ನಡುಗುತ್ತಿ‍ತ್ತು. ಒಂದು ಹೆಜ್ಜೆ ಬಂದರು, ನಾನು ಒಂದು ಹೆಜ್ಜೆ ಹೋದೆ. ಬೆನ್ನ ಹಿಂದೆ ಗೋಡೆ ಇದೆಯೋ ಟ್ರಂಕು ಇದೆಯೋ ಕಾಣದೆ ಹೋಗುವುದು ಸುಲಭವಲ್ಲ. ಇನ್ನೊಂದು ಹೆಜ್ಜೆ. ಕೋಣೆಯ ನಡುವಿಗೆ ಬಂದಾಗ ಹಾಡು ಎಳೆದು ಎಳೆದು ದಪ್ಪಗಾಗಿ, ಗೊರಕೆಯ ಹಾಗಾಗಿ, ನಿಂತೇಹೋಯಿತು. ಕರೆಂಟು ಹೋಗಿತ್ತು. ಆ ವರ್ಷ ಹೊತ್ತಿಲ್ಲ ಗೊತ್ತಿಲ್ಲ, ಕರೆಂಟು ಹೋಗುತ್ತಿತ್ತು.

ಯಜಮಾನರ ಕಾಲೂ ನಿಂತಿತು. ನೆಲದ ಮೇಲಿನ ಪಾದಗಳು ಅಲ್ಲಿ ಅಡ್ಡಾದಿಡ್ಡಿಯಾಗಿ ತಿರುಗುತ್ತಿದ್ದವು. ಅವರ ಕಣ್ಣು ಅವುಗಳಲ್ಲಿ ಕಳೆದುಹೋಯಿತು. ಮೈ ಮುಂದಕ್ಕೆ ವಾಲಿತು. ನಾನು ಎರಡೂ ಕೈ ಬಿಗಿಯಾಗಿ ಹಿಡಿದೆ. ಹೆದರಿಕೆಯಾದರೆ ನನಗೆ ಬರುವುದು ಒಂದೇ.

"ಎತ್ರೀ ಕಾಲು! ಕಾಲು ನಿಂತ್ರೆ ಬಾಯಿ ನಿಂತಿತ್ತಾ? ಹೆಂಡ್ತಿ ಸತ್ತಿದ್ಲಾ? ಸಂದೀಲಿ ಅಳ್ತಾರಂತೆ, ಕೊಚ್ಚೇಲಿ ಅಳ್ತಾರಂತೆ, ಕಂಡೋರ ಹುಡುಗನ ಮುಂದೆ ಅಳ್ತಾರಂತೆ! ಮನೇಲಿ ಅತ್ರೆ ಏನಾಗ್ತಿತ್ತು? ಕೊಡೆ ಮರೆತೆ ಅಂದ್ರಿ, ಕೆಲಸ ಇದೆ ಅಂದ್ರಿ, ಬಸ್ಸು ಬರಲಿಲ್ಲ ಅಂದ್ರಿ—"

ಅವರ ಬಲಗಾಲು ಎದ್ದಿತು. ಎಡಗಾಲು ಅದರ ಹಿಂದೆ ಬಂತು. ನಾನು ಬೆರಗಾಗಿ ಬಾಯಿ ಮುಚ್ಚಿದೆ.

"ನಿಲ್ಲಿಸಬೇಡ," ಎಂದರು. "ಬೈತಾ ಇರು. ಹೋಗ್ತಾ ಇದೆ."

"ಅಯ್ಯೋ, ಹೌದು ಅಮ್ಮಾವ್ರೆ, ನಿಲ್ಲಿಸಬೇಡಿ! ನಿಮ್ಮ ಬೈಗುಳಕ್ಕೆ ತಾಳ ಇದೆ!" ಎಂದು ಹುಡುಗ ಕ್ಯಾಮೆರಾದ ಕಡೆಗೆ ಓಡಿದ.

"ನಿನ್ನ ತಾಳಕ್ಕೆ ಬೆಂಕಿ ಹಾಕ," ಎಂದು ಅವನಿಗೊಂದು ಕೊಟ್ಟು ಮತ್ತೆ ಯಜಮಾನರನ್ನು ಹಿಡಿದುಕೊಂಡೆ. ಬೈಯುವುದಕ್ಕೆ ನನಗೆ ವಿಷಯದ ಬರವೇ? ಮದುವೆಯ ವರ್ಷ ಅವರು ಕೊಂಡು ತಂದಿದ್ದ ಕೊಳೆತ ಬದನೆಕಾಯಿಯಿಂದ ಶುರು ಮಾಡಿದೆ. ನಮ್ಮ ತಮ್ಮನ ಮದುವೆಗೆ ತಡವಾಗಿ ಬಂದದ್ದಕ್ಕೆ ಬಂದೆ. ಮಗಳ ಬಾಣಂತನದಲ್ಲಿ ಒಂದು ಕಾಗದ ಹಾಕದಿದ್ದದ್ದಕ್ಕೆ ಬಂದೆ. ಮಾತಿಗೊಂದು ಹೆಜ್ಜೆ. ನಾನು ಹಿಂದಕ್ಕೆ, ಅವರು ಮುಂದಕ್ಕೆ. ಪೋರ್ಷನ್ನಿನ ಹೊಸಿಲು ನನ್ನ ಹಿಮ್ಮಡಿಗೆ ತಾಗಿದಾಗ ದನಿ ಏರಿಸಿದೆ. ಅವರು ಅದನ್ನು ನೋಡದೆಯೇ ದಾಟಿದರು. ಅಂಗಳದ ಬಿಸಿಲಿಗೆ ಬಂದೆವು.

ಕಾಂಪೌಂಡಿನ ಮೇಲೆ ಯಶೋದಮ್ಮನ ಗಲ್ಲ ಬಂದು ಕೂತಿತ್ತು. "ಏನ್ರೀ ಶಿವಕ್ಕ ಇದು, ಭಾನುವಾರ ಬೆಳಿಗ್ಗೆ ಬೆಳಿಗ್ಗೇನೇ? ಪಾಪ, ಬಿಟ್ಟುಬಿಡಿ ಅವರನ್ನ, ವಯಸ್ಸಾದೋರು."

"ಬಿಡಲ್ಲ ಕಣ್ರೀ!" ಎಂದೆ, ಹೆಜ್ಜೆ ತಪ್ಪದ ಹಾಗೆ. "ಇದು ಇವತ್ತಿಗೆ ಮುಗಿಯೋ ಜಗಳ ಅಲ್ಲ."

ಯಜಮಾನರು ಕಣ್ಣು ನನ್ನ ಮೇಲಿಟ್ಟು ಬರುತ್ತಲೇ ಇದ್ದರು. ಅಡಿಗೆಮನೆಯ ಹಿಂಬಾಗಿಲು ಇನ್ನೂ ನಾಲ್ಕು ಮಾರು ದೂರವಿತ್ತು. ಹೋದ ವರ್ಷ ಮಾರೇನಹಳ್ಳಿ ಸಂತೆಯಲ್ಲಿ ಕಳೆದುಕೊಂಡು ಬಂದ ಹೊಸ ಚಪ್ಪಲಿಯ ವಿಷಯ ಎತ್ತಿದೆ.